ಜೀರಿಗೆ ಓಡದ ಮಧ್ಯಾಹ್ನಗಳು

ನಮ್ಮೂರಿನಲ್ಲಿ ಕನಸು ಬೀಳುವುದು ಮಧ್ಯಾಹ್ನ. ಊಟ ಮುಗಿಸಿ, ಅಂಗಡಿಯ ಬಾಗಿಲು ಎಳೆದು, ಕಿಟಕಿಗೆ ಒದ್ದೆ ಬಟ್ಟೆ ಇಳಿಬಿಟ್ಟು ಎಲ್ಲರೂ ಅಡ್ಡಾಗುತ್ತಾರೆ. ಪ್ರತಿ ಮನೆಯಲ್ಲೂ ಸಾಕಿದ ಹೆಣ್ಣಿಲಿ ನಡುಮನೆಯ ಬುಟ್ಟಿಯಲ್ಲಿ ಬಾಲ ಸುತ್ತಿಕೊಂಡು ಮಲಗುತ್ತದೆ. ಅದಕ್ಕೆ ನಿದ್ದೆ ಹತ್ತಿದ ಸ್ವಲ್ಪ ಹೊತ್ತಿಗೆ ಮನೆಮಂದಿಗೆಲ್ಲ ಒಂದೇ ಕನಸು. ರಾತ್ರಿಯ ನಿದ್ದೆಯಲ್ಲಿ ನಮಗೆ ಏನೂ ಕಾಣುವುದಿಲ್ಲ, ಅದು ಬರಿ ದಣಿವಿನ ನಿದ್ದೆ. ಎದ್ದ ಮೇಲೆ ಟೀ ಕುಡಿಯುವಾಗ ಬೀದಿಯ ಎಲ್ಲ ಮನೆಗಳಲ್ಲೂ ಅದೇ ಮಾತು. ಕೆರೆ ಏರಿಯ ಮೇಲೆ ಚಪ್ಪಲಿ ಬಿಟ್ಟು ಬಂದಿರಲ್ಲ ಎಂದು ಹೆಂಡತಿ ಗಂಡನ ಮೇಲೆ ಸಿಡುಕುತ್ತಾಳೆ, ಅವನು ತನ್ನ ಕಾಲನ್ನೊಮ್ಮೆ ನೋಡಿಕೊಳ್ಳುತ್ತಾನೆ. ನಾನು ಬೇರೆ ಊರಿನಿಂದ ಸೊಸೆಯಾಗಿ ಬಂದವಳು. ಮದುವೆಯಾದ ಹೊಸತರಲ್ಲಿ ಅತ್ತೆಯ ಎದುರು ಕನಸಿನಲ್ಲಿ ತಲೆ ಬಾಚದೆ ನಿಂತಿದ್ದೆ ಎಂದು ಎದ್ದ ಮೇಲೆ ನಾಚಿಕೆಯಿಂದ ಮುಖ ತಪ್ಪಿಸಿಕೊಂಡು ಓಡಾಡಿದ್ದೂ ಉಂಟು.

ನಮ್ಮದು ಹಿಟ್ಟಿನ ಗಿರಣಿ. ನನ್ನ ಗಂಡ ಗುರುಪಾದ ಗಿರಣಿ ನೋಡಿಕೊಳ್ಳುತ್ತಾರೆ, ಜರಡಿ ಹಿಡಿಯುವುದು, ತೂಕ ಮಾಡುವುದು ನನ್ನ ಪಾಲು. ಅತ್ತೆಯ ಹೆಸರು ಶಿವಗಂಗಮ್ಮ. ಇಡೀ ಬೀದಿಗೇ ಅವರು ಅವ್ವ, ನನಗೂ ಅವ್ವ. ನಮಗೆ ಮಕ್ಕಳಾಗಲಿಲ್ಲ. ಮನೆಯಲ್ಲಿ ಇದ್ದವರು ನಾವು ಮೂವರು, ಮತ್ತೆ ನಮ್ಮ ಇಲಿ ಜೀರಿಗೆ. ಬಿಳಿ ಮೈ, ಬೆನ್ನ ಮೇಲೆ ಜೀರಿಗೆ ಬಣ್ಣದ ಒಂದು ಪಟ್ಟೆ, ಅದಕ್ಕೇ ಆ ಹೆಸರು. ಗಿರಣಿಯಲ್ಲಿ ಹಿಟ್ಟು ಹಾರಿ ಬಂದು ಅವಳ ಮೀಸೆಯ ಮೇಲೆ ಕೂರುತ್ತಿತ್ತು. ಅವಳು ಹಿಂಗಾಲ ಮೇಲೆ ಎದ್ದು ಕೂತು ಎರಡೂ ಕೈಯಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಅದನ್ನು ನೋಡಲೆಂದೇ ಕೆಲವು ಹೆಂಗಸರು ಜೋಳ ಬೀಸಿಸಿಕೊಂಡ ಮೇಲೂ ನಿಲ್ಲುತ್ತಿದ್ದರು.

ಇಲಿಯ ಮೈಯಲ್ಲಿ ಹೇಗೋ ಕನಸೂ ಹಾಗೆ. ಅವಳು ಶಾಂತವಾಗಿದ್ದ ದಿನ ನಮ್ಮ ಕನಸಿನಲ್ಲಿ ಕೊಳ, ಜಗಲಿ, ಒಣಗಲು ಹಾಕಿದ ಸೀರೆಗಳು. ನಾಲ್ಕೈದು ದಿನಕ್ಕೊಮ್ಮೆ ಅವಳು ಬೆದೆಗೆ ಬರುತ್ತಿದ್ದಳು. ಅವತ್ತು ಬೆನ್ನ ಮೇಲೆ ಬೆರಳಿಟ್ಟರೆ ಸಾಕು, ಬೆನ್ನು ಬಗ್ಗಿಸಿ ನಿಂತು ಕಿವಿಗಳನ್ನು ಪಟಪಟ ನಡುಗಿಸುತ್ತಿದ್ದಳು. ಮರುಕ್ಷಣ ಬಾಣದ ಹಾಗೆ ನೆಗೆದು ಚೀಲದಿಂದ ಚೀಲಕ್ಕೆ, ಚೀಲದಿಂದ ಗೂಡಿಗೆ ಹಾರುತ್ತಿದ್ದಳು. ಊರಿನವರು ಅದಕ್ಕೆ ಓಟದ ದಿನ ಎನ್ನುತ್ತಾರೆ. ಓಟದ ದಿನ ನಮ್ಮ ಕನಸಿಗೆ ಅನಸೂಯ ಬರುತ್ತಿದ್ದಳು.

ಅನಸೂಯ ಗುರುಪಾದರ ತಂಗಿ. ಚೊಚ್ಚಲ ಹೆರಿಗೆಯಲ್ಲಿ ಗಂಡನ ಮನೆಯಲ್ಲೇ ತೀರಿಕೊಂಡವಳು. ನಾನು ಅವಳನ್ನು ಬದುಕಿದ್ದಾಗ ನೋಡಿದವಳಲ್ಲ. ಕನಸಿನಲ್ಲಿ ನೋಡಿದ್ದು ಅವಳ ಬೆನ್ನು, ಜಡೆ, ಓಡುವಾಗ ಮೇಲೇಳುವ ಹಿಮ್ಮಡಿ. ಹಂಚಿನ ಮಾಡುಗಳ ಮೇಲೆ, ಒಂದರಿಂದ ಇನ್ನೊಂದಕ್ಕೆ, ಕಾಲಿನ ಕೆಳಗೆ ಒಂದು ಹಂಚೂ ಅಲುಗದ ಹಾಗೆ ಅವಳು ಓಡುತ್ತಿದ್ದಳು. ಹಿಂದೆ ಅವ್ವ, ಅವರ ಹಿಂದೆ ಗುರುಪಾದ, ಕೊನೆಗೆ ಸೆರಗು ಸಿಕ್ಕಿಸಿಕೊಂಡು ನಾನು. ಆಕಾಶ ಯಾವಾಗಲೂ ಸೀಗೆಕಾಯಿ ನೆನೆಸಿದ ನೀರಿನ ಬಣ್ಣದಲ್ಲಿರುತ್ತಿತ್ತು. ಅವಳು ಒಮ್ಮೆಯೂ ತಿರುಗಿ ನೋಡಲಿಲ್ಲ, ನಮಗೆ ಒಮ್ಮೆಯೂ ಸಿಗಲಿಲ್ಲ. ಆದರೂ ಎದ್ದಾಗ ಅವ್ವನ ಮುಖ ಬೆವೆತು ಹೊಳೆಯುತ್ತಿತ್ತು. ಟೀ ಲೋಟ ಹಿಡಿದು, ಇವತ್ತು ಇನ್ನೇನು ಕೈಗೆ ಸಿಕ್ಕೇಬಿಟ್ಟಿದ್ದಳು ಎನ್ನುತ್ತಿದ್ದರು. ಉಳಿದ ದಿನಗಳೆಲ್ಲ ಅವ್ವನಿಗೆ ಆ ದಿನಕ್ಕೆ ಕಾಯುವ ದಿನಗಳು. ಬೆಳಿಗ್ಗೆ ಎದ್ದವರೇ ಜೀರಿಗೆಯ ಬೆನ್ನು ಮುಟ್ಟಿ ನೋಡುತ್ತಿದ್ದರು.

ಬೇಸಿಗೆ ಮುಗಿಯುವ ಹೊತ್ತಿಗೆ ಜೀರಿಗೆಯ ಬುಟ್ಟಿಯ ಬಟ್ಟೆಯಲ್ಲಿ ನನಗೆ ರಕ್ತ ಕಂಡಿತು. ಕಾಲಿಗೆ ಏನೋ ಚುಚ್ಚಿರಬೇಕು ಎಂದುಕೊಂಡು ಪಾದಗಳನ್ನು ನೋಡಿದೆ. ಅಲ್ಲಿ ಗಾಯವಿರಲಿಲ್ಲ. ಮಾರನೆಯ ದಿನ ಮತ್ತೆ ಕಂಡಾಗ ಬುಟ್ಟಿ ಎತ್ತಿಕೊಂಡು ಪೇಟೆಯ ಕೊನೆಯಲ್ಲಿರುವ ಡಾಕ್ಟರ್ ಜುಬೇದಾ ಅವರ ದವಾಖಾನೆಗೆ ಹೋದೆ. ದನಕರುವಿಗೂ ಅವರೇ ಡಾಕ್ಟರು, ಇಲಿಗೂ ಅವರೇ. ಜೀರಿಗೆಯ ಹೊಟ್ಟೆಯನ್ನು ಎರಡು ಬೆರಳಲ್ಲಿ ಒತ್ತಿ ನೋಡಿ, ಗರ್ಭಕೋಶದಲ್ಲಿ ಗಡ್ಡೆ ಇದೆ, ಅಂಡಾಶಯದ ಸಮೇತ ತೆಗೆದುಬಿಡಬೇಕು, ಇಲ್ಲದಿದ್ದರೆ ರಕ್ತ ಹೋಗುತ್ತಲೇ ಇರುತ್ತದೆ, ಹೆಚ್ಚು ದಿನ ಉಳಿಯುವುದಿಲ್ಲ ಎಂದರು. ಇಷ್ಟು ಸಣ್ಣ ಪ್ರಾಣಿಗೆ ಮತ್ತು ಬರಿಸುವುದರಲ್ಲೇ ಅಪಾಯ ಉಂಟು, ಅದನ್ನೂ ಮುಚ್ಚಿಡುವುದಿಲ್ಲ ಎಂದರು.

ನಾನು ಕೇಳಬೇಕಾದದ್ದನ್ನು ಕೇಳಿದೆ. ತೆಗೆದ ಮೇಲೆ ಇವಳು ಬದಲಾಗುತ್ತಾಳಾ?

"ಬೆದೆ ಬರಲ್ಲ. ಆ ದಿನದ ಕುಣಿತ, ಕಿವಿ ನಡುಗಿಸೋದು ಎಲ್ಲ ನಿಂತುಹೋಗುತ್ತೆ," ಎಂದರು ಜುಬೇದಾ. "ಸ್ವಲ್ಪ ಮೈ ಬರಬಹುದು. ಎದೆಗಡ್ಡೆ ಆಗೋದು ಕಡಿಮೆ. ಬೇರೆ ಇಲಿ ಕಂಡರೆ ಹರಿಹಾಯೋದು ಕೆಲವಕ್ಕೆ ತಗ್ಗುತ್ತೆ, ಕೆಲವಕ್ಕೆ ಇಲ್ಲ. ಉಳಿದ ಹಾಗೆ ಇವಳು ಇವಳೇ ಕಣಮ್ಮ. ಕಡಲೆಬೀಜ ಕದಿಯೋಳು ಕದೀತಾನೇ ಇರ್ತಾಳೆ."

"ಕನಸು?"

ಅವರು ನಲ್ಲಿ ತಿರುಗಿಸಿ ಕೈ ತೊಳೆದುಕೊಂಡರು. "ಎಷ್ಟೋ ಇಲಿಗಳ ಹೊಟ್ಟೆ ಒಳಗೆ ನೋಡಿದ್ದೀನಿ. ಕನಸು ಎಲ್ಲಿರುತ್ತೆ ಅಂತ ನನಗೆ ಕಂಡಿಲ್ಲ. ಅದನ್ನ ತೆಗೆದೆನೋ ಬಿಟ್ಟೆನೋ ಅಂತ ಹೇಗೆ ಹೇಳಲಿ?"

ಮನೆಗೆ ಬಂದು ಹೇಳಿದಾಗ ಅವ್ವ ಬೇಡ ಎಂದರು. ಒಂದೇ ಮಾತು. ಜೀರಿಗೆಯನ್ನು ನನ್ನ ಕೈಯಿಂದ ತೆಗೆದುಕೊಂಡು ತಮ್ಮ ಮಡಿಲಲ್ಲಿ ಕೂರಿಸಿಕೊಂಡು ಸೆರಗು ಮುಚ್ಚಿದರು. ಗುರುಪಾದ ಅವ್ವನ ಮುಖ ನೋಡಿದರು, ನನ್ನ ಮುಖ ನೋಡಿದರು, ಗಿರಣಿಯ ಬೆಲ್ಟು ಸಡಿಲವಾಗಿದೆ ಎಂದು ಎದ್ದುಹೋದರು. ಬೀದಿಯ ಹೆಂಗಸರೂ ಅವ್ವನ ಪರವಾಗಿಯೇ ಮಾತಾಡಿದರು. ಯಾರದೋ ಮನೆಯಲ್ಲಿ ಇಲಿಗೆ ಹೀಗೇ ಮಾಡಿಸಿದ ಮೇಲೆ ಕನಸು ಉಪ್ಪಿಲ್ಲದ ಸಾರಿನ ಹಾಗಾಯಿತಂತೆ, ಬರೀ ಗೋಡೆ ಕಾಣುತ್ತದಂತೆ. ಇಲಿ ಸತ್ತರೆ ಹೊಸ ಇಲಿ ಬರುತ್ತದೆ, ಅದರ ಕನಸಿನಲ್ಲಿ ಬೇರೆ ಯಾರೋ ಇರುತ್ತಾರೆ, ಅನಸೂಯ ಹೇಗೂ ಬರುವುದಿಲ್ಲ ಎಂದು ನಾನು ವಾದ ಮಾಡಿದೆ. ಅವ್ವನಿಗೆ ಅದು ಗೊತ್ತಿತ್ತು. ಇರುವಷ್ಟು ದಿನ ಓಡಲಿ ಬಿಡು ಎಂದರು.

ಆಮೇಲೆ ನನ್ನ ಕಡೆ ನೋಡದೆ ಹೇಳಿದರು: "ನಿನಗೂ ತೆಗೆಸಿದ್ರಲ್ಲ ವೇಣಿ. ಆಮೇಲೆ ನೀನು ಮೊದಲಿನ ಹಾಗೆ ಇದ್ದೀಯಾ? ನಗು ಇಲ್ಲ, ಜಗಳ ಇಲ್ಲ. ತಣ್ಣಗಾಗಿಬಿಟ್ಟೆ."

ಎರಡು ವರ್ಷದ ಹಿಂದೆ ನನಗೂ ಗಡ್ಡೆಯಾಗಿ ಗರ್ಭಕೋಶ ತೆಗೆಸಿದ್ದರು. ಜರಡಿ ತೆಗೆದುಕೊಂಡು ಗಿರಣಿಗೆ ಹೋದೆ. ಯಂತ್ರ ಓಡುತ್ತಿರುವಾಗ ಅಲ್ಲಿ ಯಾರ ದನಿಯೂ ಯಾರಿಗೂ ಕೇಳುವುದಿಲ್ಲ, ಅವತ್ತು ಅದು ಒಳ್ಳೆಯದಾಯಿತು. ಹಿಟ್ಟು ಬಿಸಿಯಾಗಿ ಬೆರಳ ಸಂದಿನಿಂದ ಇಳಿಯುತ್ತಿತ್ತು. ನಾನು ಬದಲಾದೆನೇ ಎಂದು ನನ್ನನ್ನೇ ಕೇಳಿಕೊಂಡೆ. ತಿಂಗಳು ತಿಂಗಳೂ ಹಾಸಿಗೆ ಹಿಡಿಯುವುದು ನಿಂತಿತ್ತು, ಕಾಯುವುದೂ ನಿಂತಿತ್ತು. ಮಗುವಿಗೆ ಕಾಯುತ್ತಿದ್ದವಳು ಕಾಯುವುದನ್ನು ಬಿಟ್ಟರೆ ನೋಡುವವರಿಗೆ ತಣ್ಣಗಾದ ಹಾಗೆ ಕಾಣಬಹುದು.

ಜೀರಿಗೆ ದಿನದಿನಕ್ಕೆ ಸೊರಗಿದಳು. ಮೈಕೂದಲು ಎದ್ದು ನಿಂತವು, ಬಾಲದ ಬಣ್ಣ ಮಾಸಿತು. ಆದರೂ ಓಟದ ದಿನ ಬಂದಾಗ ಅವಳ ಮೈ ಅವಳ ಮಾತು ಕೇಳುತ್ತಿರಲಿಲ್ಲ. ಅವತ್ತು ಬೆಳಿಗ್ಗೆ ಕಿವಿ ನಡುಗಿಸಿದಳು, ಚೀಲದ ಮೇಲಿಂದ ಕಿಟಕಿಗೆ ನೆಗೆದಳು, ಎಟುಕದೆ ನೆಲಕ್ಕೆ ಬಿದ್ದಳು. ಮತ್ತೆ ನೆಗೆದು ಮತ್ತೆ ಬಿದ್ದಳು. ನಾನು ಎತ್ತಿ ಬುಟ್ಟಿಯಲ್ಲಿ ಮಲಗಿಸಿದೆ. ಅವ್ವ ನೋಡುತ್ತಾ ನಿಂತಿದ್ದರು.

ಆ ಮಧ್ಯಾಹ್ನವೂ ಅನಸೂಯ ಬಂದಳು, ಅದೇ ಮಾಡುಗಳ ಮೇಲೆ. ಆದರೆ ಅವಳು ಕುಂಟುತ್ತಿದ್ದಳು. ಹಂಚುಗಳು ಅವಳ ಕಾಲ ಕೆಳಗೆ ಒಂದೊಂದೇ ಜಾರಿ ಬೀಳುತ್ತಿದ್ದವು, ಬಿದ್ದ ಸದ್ದು ಮಾತ್ರ ಕೇಳುತ್ತಿರಲಿಲ್ಲ. ಅವಳ ಸೀರೆಯ ಹಿಂಭಾಗದಲ್ಲಿ ಒಂದು ಕೆಂಪು ಕಲೆ ಇತ್ತು, ಓಡಿದ ಹಾಗೆಲ್ಲ ಅದು ದೊಡ್ಡದಾಗುತ್ತಿತ್ತು. ಅವಳು ಒಂದು ಕೈಯಿಂದ ಹೊಟ್ಟೆ ಹಿಡಿದುಕೊಂಡೇ ಓಡುತ್ತಿದ್ದಳು. ಮೊದಲ ಸಲ ಅವ್ವ ಓಡುವುದನ್ನು ನಿಲ್ಲಿಸಿದರು. ಮಾಡಿನ ನೆತ್ತಿಯ ಮೇಲೆ ಕೂತುಬಿಟ್ಟರು.

ಎಚ್ಚರವಾದಾಗ ಅವ್ವ ಆಗಲೇ ಬಾಗಿಲಲ್ಲಿ ನಿಂತಿದ್ದರು. ಬುಟ್ಟಿ ಅವರ ಕೈಯಲ್ಲಿತ್ತು. "ನಡಿ," ಎಂದರು, "ಆ ಡಾಕ್ಟರಮ್ಮ ಎದ್ದಿರ್ತಾಳೆ."

ಬೀದಿಯಲ್ಲಿ ಇನ್ನೂ ಯಾರೂ ಎದ್ದಿರಲಿಲ್ಲ. ಮನೆಗಳ ಒಳಗೆ ಜನ ತಮ್ಮ ತಮ್ಮ ಕನಸಿನಲ್ಲಿ ಓಡಾಡುತ್ತಿದ್ದರು, ಮುಚ್ಚಿದ ಬಾಗಿಲುಗಳ ಹಿಂದಿನಿಂದ ಒಂದೊಂದು ತೊದಲು ಮಾತು ಕೇಳುತ್ತಿತ್ತು. ಅವ್ವ ಬುಟ್ಟಿಯನ್ನು ಎದೆಗೆ ಒತ್ತಿಕೊಂಡು ಬಿಸಿಲಿನಲ್ಲಿ ನನಗಿಂತ ಮುಂದೆ ನಡೆದರು. ಜುಬೇದಾ ಬಾಗಿಲು ತೆಗೆದವರು ಅವ್ವನ ಮುಖ ನೋಡಿ ಒಳಗೆ ಕರೆದುಕೊಂಡರು. ನಾವು ಹೊರಗೆ ಬೆಂಚಿನ ಮೇಲೆ ಕೂತೆವು. ಬಹಳ ಹೊತ್ತಾದ ಮೇಲೆ ಅವರು ಬಂದು, ಉಸಿರಾಡುತ್ತಿದ್ದಾಳೆ, ಇವತ್ತು ಇಲ್ಲೇ ಇರಲಿ ಎಂದರು.

ಜೀರಿಗೆ ಮನೆಗೆ ಬಂದ ಮೇಲೂ ಕೆಲವು ದಿನ ನಮಗೆ ಕನಸಿರಲಿಲ್ಲ. ಹೊಟ್ಟೆಯ ಹೊಲಿಗೆ ಕಚ್ಚಬಾರದೆಂದು ಅವಳನ್ನು ಕಾಯಬೇಕಿತ್ತು. ಅವಳು ನಿದ್ದೆ ಮಾಡುತ್ತಿದ್ದಳು, ಆದರೆ ಅದರಲ್ಲಿ ಏನೂ ಇರುತ್ತಿರಲಿಲ್ಲ. ಮಧ್ಯಾಹ್ನ ಮಲಗಿ ಏನೂ ಕಾಣದೆ ಏಳುವುದು ಖಾಲಿ ಕೊಡ ಹೊತ್ತುಕೊಂಡು ಬಂದ ಹಾಗಿತ್ತು. ಗುರುಪಾದ ಮಲಗುವುದನ್ನೇ ಬಿಟ್ಟು ಗಿರಣಿಯ ಸವೆದ ಕಲ್ಲನ್ನು ಉಳಿಯಿಂದ ಕುಟ್ಟುತ್ತಾ ಕೂರುತ್ತಿದ್ದರು. ಅವ್ವ, ನಾನು ಬುಟ್ಟಿಯ ಎರಡು ಬದಿಗೆ ಕೂತು ಅಕ್ಕಿ ಆರಿಸುತ್ತಿದ್ದೆವು. ಅಂಥ ಒಂದು ಮಧ್ಯಾಹ್ನ ಅವ್ವ ಕೇಳಿದರು, ನನಗೆ ಆಪರೇಷನ್ ಆದಾಗ ಎಷ್ಟು ದಿನ ನೋವಿತ್ತು ಎಂದು. ಅಷ್ಟು ಕಾಲದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ನಾನು ಹೇಳಿದೆ. ನೋವಿಗಿಂತ ಹೆಚ್ಚಾಗಿ, ಮನೆಗೆ ಬಂದ ದಿನ ನಾನು ಎತ್ತಿಟ್ಟಿದ್ದ ತೊಟ್ಟಿಲ ಬಟ್ಟೆಗಳನ್ನು ಯಾರೋ ಪೆಟ್ಟಿಗೆಯಿಂದ ತೆಗೆದು ಯಾರಿಗೋ ಕೊಟ್ಟಿದ್ದು ನನ್ನನ್ನು ತಿಂದುಹಾಕಿತ್ತು ಎಂದೂ ಹೇಳಿದೆ. ಕೊಟ್ಟವರು ಅವ್ವ. ಅವರು ಅಕ್ಕಿಯ ಮೊರವನ್ನು ಕೆಳಗಿಟ್ಟರು.

"ನಿನ್ನ ಕಣ್ಣಿಗೆ ಬೀಳದಿರಲಿ ಅಂತ ಕೊಟ್ಟೆ," ಎಂದರು. ಆಮೇಲೆ, "ಕೇಳಿ ಕೊಡಬೇಕಿತ್ತು."

ಅವತ್ತೇ ಅವರು ಅನಸೂಯಳ ಮಾತು ತೆಗೆದರು. ಏಳು ತಿಂಗಳ ಬಸುರಿ ಅವಳು ಒಂದು ದಿನ ಯಾರಿಗೂ ಹೇಳದೆ ಗಂಡನ ಮನೆಯಿಂದ ತವರಿಗೆ ಬಂದಿದ್ದಳಂತೆ. ಅಲ್ಲಿ ಇರಲಾರೆ ಎಂದಳಂತೆ. ಮೈ ಕೈ ಮೇಲಿನ ಬಾಸುಂಡೆ ನೋಡಿದರೆ ಯಾಕೆ ಎಂದು ಕೇಳುವ ಹಾಗಿರಲಿಲ್ಲವಂತೆ. ಅವ್ವ ಎಣ್ಣೆ ಹಚ್ಚಿ ನೀರು ಹಾಕಿ, ಅವಳಿಗೆ ಇಷ್ಟವಾದ ಹಾಗಲಕಾಯಿ ಗೊಜ್ಜು ಮಾಡಿ ಬಡಿಸಿ, ಮಾರನೆಯ ಬೆಳಿಗ್ಗೆ ಅರಿಸಿನ ಕುಂಕುಮ ಕೊಟ್ಟು ಬಸ್ಸು ಹತ್ತಿಸಿ ಕಳಿಸಿದರು. ಆಮೇಲೆ ಬಂದದ್ದು ಸುದ್ದಿ ಮಾತ್ರ. ಗುರುಪಾದ ಆಗ ದೂರದ ಊರಲ್ಲಿ ಕೆಲಸ ಕಲಿಯುತ್ತಿದ್ದರು, ಅವರಿಗೆ ಇದು ಗೊತ್ತೇ ಇರಲಿಲ್ಲ.

"ಓಡ್ತಾ ಇರೋವಾಗ ಚೆನ್ನಾಗಿತ್ತು ವೇಣಿ," ಎಂದರು ಅವ್ವ. "ಹಿಡೀಬೇಕು ಅನ್ನೋದೊಂದೇ. ಈಗ ಇವಳು ಓಡಲ್ಲ. ಅನಸಿ ನಿಂತುಕೊಂಡರೆ ನಾನು ಏನು ಹೇಳಲಿ?"

ಜೀರಿಗೆ ಬುಟ್ಟಿಯಿಂದ ಕತ್ತು ಚಾಚಿ ಮೊರದಿಂದ ಒಂದು ಅಕ್ಕಿಕಾಳು ತೆಗೆದುಕೊಂಡು, ನಮ್ಮಿಬ್ಬರ ಕಡೆಗೂ ನೋಡುತ್ತಾ ತಿಂದಳು.

ಹೊಲಿಗೆ ಮಾಯ್ದು ಕೂದಲು ಬೆಳೆಯಿತು. ಡಾಕ್ಟರ್ ಹೇಳಿದ ಹಾಗೆಯೇ ಆಯಿತು. ಜೀರಿಗೆ ದುಂಡಗಾದಳು. ಕಡಲೆಬೀಜ ಕದ್ದು ಗುರುಪಾದರ ಅಂಗಿಯ ಜೇಬಿನಲ್ಲಿ ಬಚ್ಚಿಟ್ಟಳು. ಕರೆದರೆ ಬಂದಳು, ಬೇಡವಾದಾಗ ಬರಲಿಲ್ಲ. ಬೆನ್ನು ಮುಟ್ಟಿದರೆ ಮಾತ್ರ ಈಗ ಮೈ ಬಗ್ಗಿಸುತ್ತಿರಲಿಲ್ಲ, ತಿರುಗಿ ಬೆರಳು ಮೂಸಿ ನೆಕ್ಕುತ್ತಿದ್ದಳು. ಅವ್ವ ಬೆಳಿಗ್ಗೆ ಎದ್ದು ಮುಟ್ಟಿ ನೋಡುವುದನ್ನು ಬಿಡಲಿಲ್ಲ. ಓಟದ ದಿನ ಬರಲಿಲ್ಲ.

ಕನಸು ಮತ್ತೆ ಶುರುವಾದಾಗ ಅದು ನಿಧಾನದ ಕನಸು. ಗೋಡೆ ಕಾಣುತ್ತದೆ ಎಂದು ಹೆಂಗಸರು ಹೇಳಿದ್ದು ಸುಳ್ಳಲ್ಲ, ಗೋಡೆ ಕಂಡಿತು. ಆದರೆ ಆ ಗೋಡೆಯ ಮೇಲೆ ಬಿಸಿಲು ಬಿದ್ದಿತ್ತು, ಬಿಸಿಲಿನಲ್ಲಿ ಇರುವೆಗಳು ಸಕ್ಕರೆಯ ಹರಳುಗಳನ್ನು ಹೊತ್ತು ಹೋಗುತ್ತಿದ್ದವು, ನೋಡುತ್ತಾ ಕೂತರೆ ಮನಸ್ಸು ತುಂಬುತ್ತಿತ್ತು. ಇನ್ನೊಂದು ದಿನ ಒಂದು ದೊಡ್ಡ ಅಂಗಳ, ಅದರ ತುಂಬ ಮೊಣಕಾಲುದ್ದದ ತಿಳಿನೀರು. ಗುರುಪಾದ ಪಂಚೆ ಎತ್ತಿ ಕಟ್ಟಿ ಅದರಲ್ಲಿ ನಡೆದರು. ಓಟದ ಕನಸಿನಲ್ಲಿ ನಾವು ಒಬ್ಬರ ಮುಖ ಒಬ್ಬರು ನೋಡಿದ್ದೇ ಇರಲಿಲ್ಲ, ಎದುರಿಗೆ ಬರಿ ಬೆನ್ನು. ಈಗ ಕನಸಿನಲ್ಲಿ ನನ್ನ ಗಂಡನ ಕಿವಿಯ ಮೇಲಿನ ಕೂದಲು ಬೆಳ್ಳಗಾಗಿರುವುದು ಕಂಡಿತು. ಎದ್ದ ಮೇಲೆ ನೋಡಿದೆ, ನಿಜಕ್ಕೂ ಬೆಳ್ಳಗಾಗಿತ್ತು.

ಅವ್ವ ಮಾತ್ರ ಕನಸಿನ ಅಂಚಿನಲ್ಲಿ ನಿಂತು ಮಾಡುಗಳ ಕಡೆ ನೋಡುತ್ತಿದ್ದರು. ಎದ್ದ ಮೇಲೆ ಟೀ ಹೊತ್ತಿನಲ್ಲಿ ಮಾತಿಲ್ಲ. ನಾನು ತಪ್ಪು ಮಾಡಿಸಿದೆನೇ ಎಂದು ನನಗೆ ಅನ್ನಿಸುತ್ತಿತ್ತು. ಆದರೆ ಅವ್ವ ಒಂದು ದಿನವೂ ಹಾಗೆ ಅನ್ನಲಿಲ್ಲ. ಜೀರಿಗೆಗೆ ತಾವೇ ರಾಗಿ ಮುದ್ದೆಯ ಚೂರು ತಿನ್ನಿಸುತ್ತಿದ್ದರು.

ಮಳೆಗಾಲ ಕಳೆದು ಬಿಸಿಲು ಹೊಸದಾಗಿ ಬಂದ ದಿನಗಳಲ್ಲಿ, ಯಾವ ಸೂಚನೆಯೂ ಇಲ್ಲದೆ ಅನಸೂಯ ಬಂದಳು. ಅಂಗಳದ ನೀರು ಇಂಗಿ ಹೋಗಿತ್ತು. ನಡುವೆ ಒಂದು ಚಾಪೆ ಹಾಸಿತ್ತು. ಅದರ ಮೇಲೆ ನಮಗೆ ಬೆನ್ನು ಮಾಡಿಕೊಂಡು ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಸೀರೆಯಲ್ಲಿ ಕಲೆ ಇರಲಿಲ್ಲ. ಕಾಳು ಬಟ್ಟಲಿಗೆ ಬೀಳುವ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಗುರುಪಾದ ಒಂದು ಹೆಜ್ಜೆ ಮುಂದಿಟ್ಟರು, ನಾನು ಅವರ ತೋಳು ಹಿಡಿದೆ. ಅವ್ವ ಹೋದರು. ಓಡಲಿಲ್ಲ. ಚಾಪೆ ದೂರವೇನಿರಲಿಲ್ಲ, ಆದರೂ ಅವರಿಗೆ ಅಲ್ಲಿಗೆ ತಲುಪಲು ಬಹಳ ಹೊತ್ತು ಬೇಕಾಯಿತು. ಹೋಗಿ ಚಾಪೆಯ ತುದಿಯಲ್ಲಿ ಕೂತರು. ಏನು ಮಾಡಬೇಕೋ ತಿಳಿಯದೆ ಒಂದು ಅವರೆಕಾಯಿ ತೆಗೆದುಕೊಂಡು ಸುಲಿದರು.

ಅನಸೂಯ ತಿರುಗಿದಳು. ಗುರುಪಾದರದೇ ಮೂಗು, ಅವರದೇ ಗಲ್ಲ. ಹೆದರಿದ ಮಗುವಿನ ಮುಖದ ಹಾಗಿತ್ತು ಅದು, ಹೆದರಿಕೆ ಆಗಷ್ಟೇ ಇಳಿಯುತ್ತಿದ್ದ ಮುಖ.

"ಅವ್ವಾ, ನೀನಾ?" ಎಂದಳು. "ಯಾಕೆ ಅಷ್ಟು ದಿನ ನನ್ನ ಹಿಂದೆ ಓಡಿ ಬರ್ತಿದ್ದೆ? ಮತ್ತೆ ಬಸ್ಸು ಹತ್ತಿಸೋಕೆ ಬರ್ತಿದ್ದೀಯ ಅನ್ಕೊಂಡೆ."

ಅವ್ವನ ಕೈಯಲ್ಲಿದ್ದ ಕಾಳು ಬಟ್ಟಲಿನ ಆಚೆ ಬಿತ್ತು. ಅವರು ಅದನ್ನು ಹೆಕ್ಕಿ ಬಟ್ಟಲಿಗೆ ಹಾಕಿದರು. ಆಮೇಲೆ ಕಷ್ಟಪಟ್ಟು, ನೆಲದ ಆಳದಿಂದ ಎಳೆದ ಹಾಗೆ ಹೇಳಿದರು: "ಇಲ್ಲ ಕಣೇ. ಇನ್ನು ಯಾವತ್ತೂ ಕಳಿಸಲ್ಲ."

ಅನಸೂಯ ತಲೆಯಾಡಿಸಿ ಇನ್ನೊಂದು ಹಿಡಿ ಅವರೆಕಾಯಿಯನ್ನು ಅವ್ವನ ಕಡೆ ಸರಿಸಿದಳು. ಇಬ್ಬರೂ ಸುಲಿದರು. ಅಷ್ಟೇ ಕನಸು.

ಅವತ್ತು ಟೀ ಹೊತ್ತಿಗೆ ಗುರುಪಾದ ಅವ್ವನ ಎದುರು ಕೂತು, ಯಾವ ಬಸ್ಸು ಎಂದು ಕೇಳಿದರು. ಅವ್ವ ಅವರಿಗೂ ಎಲ್ಲ ಹೇಳಿದರು, ನನಗೆ ಹೇಳಿದ್ದಕ್ಕಿಂತ ಹೆಚ್ಚೇ ಹೇಳಿದರು. ಗಿರಣಿಯ ಮುಂದೆ ಜನ ಡಬ್ಬ ಹಿಡಿದು ಕಾಯುತ್ತಿದ್ದರು. ಗುರುಪಾದ ಎದ್ದು ಹಿತ್ತಿಲಿಗೆ ಹೋಗಿ ಬಹಳ ಹೊತ್ತು ನಿಂತಿದ್ದು, ಮುಖ ತೊಳೆದುಕೊಂಡು ಬಂದು ಯಂತ್ರ ಶುರು ಮಾಡಿದರು. ಆ ವಾರವೆಲ್ಲ ಅವ್ವನ ಜೊತೆ ಅವರಿಗೆ ಮಾತು ಕಡಿಮೆ. ಆಮೇಲೆ ಒಂದು ದಿನ ಪೇಟೆಯಿಂದ ಬರುವಾಗ ಹಾಗಲಕಾಯಿ ತಂದು ಅವ್ವನ ಮುಂದೆ ಇಟ್ಟರು. ಅವ್ವ ಗೊಜ್ಜು ಮಾಡಿದರು. ಮೂವರೂ ಉಂಡೆವು.

ಈಗ ಅನಸೂಯ ಬರುವುದಕ್ಕೆ ಲೆಕ್ಕವಿಲ್ಲ. ಕೆಲವೊಮ್ಮೆ ದಿನಾ ಬರುತ್ತಾಳೆ, ಕೆಲವೊಮ್ಮೆ ತಿಂಗಳುಗಟ್ಟಲೆ ಸುಳಿವಿಲ್ಲ. ಅವ್ವ ಕಾಯುವುದನ್ನು ಬಿಟ್ಟಿದ್ದಾರೆ. ನೆರೆಯ ಹೆಂಗಸರು ಬಂದು, ನಿಮ್ಮ ಇಲಿ ಬದಲಾಯಿತಾ ಎಂದು ಕೇಳಿದರೆ, ಸ್ವಲ್ಪ ದಪ್ಪ ಆಗಿದ್ದಾಳೆ ಎನ್ನುತ್ತಾರೆ.

ನಿನ್ನೆಯ ಕನಸಿನಲ್ಲಿ ಅವ್ವ ಒಲೆಯ ಮುಂದೆ ಕೂತು ರೊಟ್ಟಿ ತಟ್ಟುತ್ತಿದ್ದರು. ನಾನು ಪಕ್ಕದಲ್ಲಿ ಬೇಯಿಸುತ್ತಿದ್ದೆ. ಅನಸೂಯ ಒಳಗಿನಿಂದ ಬಂದು ಕನ್ನಡಿಯಲ್ಲಿ ಮುಖ ನೋಡಿಕೊಂಡು, ಸೆರಗು ಸರಿಮಾಡಿಕೊಂಡು ಹೊರಗೆ ಹೊರಟಳು. ಅವ್ವ ತಲೆ ಎತ್ತದೆಯೇ, ಉಂಡು ಹೋಗೇ ಎಂದರು. ಬಂದು ಉಣ್ತೀನಿ ಎಂದು ಅವಳು ಬಾಗಿಲು ದಾಟಿದಳು. ಎಲ್ಲಿಗೆ ಎಂದು ಅವ್ವ ಕೇಳಲಿಲ್ಲ. ಬೀದಿಯಲ್ಲಿ ಅವಳ ಹೆಜ್ಜೆಯ ಸದ್ದು ನಿಧಾನವಾಗಿ ದೂರವಾಯಿತು. ಅವ್ವ ಇನ್ನೊಂದು ರೊಟ್ಟಿಗೆ ಹಿಟ್ಟು ತೆಗೆದುಕೊಂಡರು.